ಎರಡು ಕಣ್ಣಿನ ಬೆಲೆ

ವಿಮೆಯ ಕಾಗದಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಆದರೂ ಅವುಗಳಲ್ಲಿ ಬದುಕಿನ ಬಗ್ಗೆ ಒಂದು ತೀರ್ಮಾನ ಅಡಗಿರುತ್ತದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನೇ ನೋಡಿ. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಶುರುವಾಗಿ 2022ರಲ್ಲಿ 20 ರೂಪಾಯಿಗೆ ಏರಿದ ಈ ಅಪಘಾತ ವಿಮೆಯಲ್ಲಿ ಸಾವಿಗೆ 2 ಲಕ್ಷ. ಎರಡೂ ಕಣ್ಣು ಹೋದರೂ 2 ಲಕ್ಷ. ಕಣ್ಣು ಕಳೆದುಕೊಂಡವರಿಗೆ ಪರಿಹಾರ ಸಿಗಲಿ, ಬೇಡವೆನ್ನುವವರಾರು? ಆದರೆ ಕುರುಡುತನವನ್ನು ಸಾವಿನ ಸಾಲಿನಲ್ಲೇ ಬರೆದಿಡುವ ಅಭ್ಯಾಸ, ಕಣ್ಣಿಲ್ಲದವರು ತಾವಾಗಿ ವಿಮೆ ಮಾಡಿಸಲು ಹೋದಾಗ ಅಡ್ಡ ಬಂದು ನಿಲ್ಲುತ್ತದೆ.

ಕಳಸದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹಾಗೇ ಆಯಿತು. ಹುಟ್ಟಿನಿಂದ ದೃಷ್ಟಿಯಿಲ್ಲ. ಓದಿ ನೌಕರಿ ಹಿಡಿದ. ಮನೆಗೆ ಅವನ ಸಂಬಳವೇ ಆಧಾರ. ಜೀವ ವಿಮೆಯ ಏಜೆಂಟರು ಎಲ್ಲ ಬರೆದುಕೊಂಡು, ಕಣ್ಣಿನ ಪ್ರಶ್ನೆ ಬಂದಾಗ ಪೆನ್ನು ಮುಚ್ಚಿದರು. "ಇವರಿಗೆ ಕಷ್ಟ ಟೀಚರೇ, ರಿಸ್ಕ್ ಜಾಸ್ತಿ ಅಂತಾರೆ." ಎಷ್ಟು ಜಾಸ್ತಿ, ಯಾರು ಲೆಕ್ಕ ಹಾಕಿದ್ದು ಎಂದು ಕೇಳಿದೆ. ಉತ್ತರವಿರಲಿಲ್ಲ. ಮರಗಸಿಗೆಂದು ಎತ್ತರದ ಮರ ಹತ್ತುವವರ ಊರಿದು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಹುಡುಗನಿಗೆ ಅವರಿಗಿಂತ ಅಪಾಯ ಹೆಚ್ಚೆ?

ಕುರುಡುತನ ಕಾಯಿಲೆಯಲ್ಲ. ಗದುಗಿನ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿ 2010ರವರೆಗೆ, 96 ವರ್ಷ ಬಾಳಿದರು. ನೂರಾರು ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರು. ಒಬ್ಬರ ಆಯುಸ್ಸಿನಿಂದ ಎಲ್ಲರ ಲೆಕ್ಕ ಸಿಗದು, ನಿಜ. ಒಬ್ಬ ಏಜೆಂಟರ ಅಂಜಿಕೆಯಿಂದಲೂ ಸಿಗದು.

ಕಾನೂನಿಗೇನೂ ಕೊರತೆಯಿಲ್ಲ. ವಿಮೆಯಲ್ಲಿ ಅಂಗವಿಕಲರಿಗೆ ಭೇದ ಸಲ್ಲದೆನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಮಾನತೆಯ ಮಾತಾಡಿತು. 2022ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆದೇಶಿಸಿದ ಮೇಲೆ, 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಗವಿಕಲರಿಗೆ ಆರೋಗ್ಯ ವಿಮೆ ಒದಗಿಸಲೇಬೇಕೆಂದು ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಬಾಗಿಲು ತೆರೆಯಿತು, ಸಂತೋಷ. ಆದರೆ ಒಳಗಿರುವುದು ಅವರಿಗೆಂದೇ ಮಾಡಿದ ಬೇರೆ ಪಾಲಿಸಿ. ಶಾಲೆಗೆ ಸೇರಿಸಿಕೊಂಡು ಬೇರೆ ಬೆಂಚಿನಲ್ಲಿ ಕೂರಿಸಿದ ಹಾಗೆ. ಅದೂ ಆರೋಗ್ಯಕ್ಕೆ ಮಾತ್ರ. ನನ್ನ ವಿದ್ಯಾರ್ಥಿ ಕೇಳಿದ್ದು ಜೀವ ವಿಮೆ.

ವಿಮೆ ಲೆಕ್ಕದ ವ್ಯವಹಾರ, ಧರ್ಮಕಾರ್ಯವಲ್ಲ ಎನ್ನುವವರಿದ್ದಾರೆ. ಒಪ್ಪಿದೆ. ಹಾಗಿದ್ದರೆ ಬೇಡವೆಂದಾಗ, ಕಂತು ಹೆಚ್ಚಿಸಿದಾಗ, ಕಾರಣವನ್ನು ಅಂಕಿಗಳ ಸಮೇತ ಬರೆದು ಕೊಡಲಿ. ಗಣಿತದ ಪರೀಕ್ಷೆಯಲ್ಲಿ ಬರೀ ಉತ್ತರ ಬರೆದ ಹುಡುಗನಿಗೆ ನಾವು ಪೂರ್ತಿ ಅಂಕ ಕೊಡುವುದಿಲ್ಲ, ಲೆಕ್ಕ ಮಾಡಿ ತೋರಿಸು ಎನ್ನುತ್ತೇವೆ. ವಿಮೆಯವರನ್ನೂ ಅಷ್ಟೇ ಕೇಳಬೇಕಾದ್ದು.