ವಿಕಿರಣ ರಕ್ಷಣೆಯ ಸೂತ್ರದಲ್ಲಿ ‘ಯುಕ್ತ’ ಶಬ್ದ

ಶಾಸ್ತ್ರಜ್ಞರು ಶಾಸನಕರ್ತರಿಗೆ ಕೊಡುವ ಉಪದೇಶಕ್ಕೆ ತನ್ನದೇ ಆದ ಒಂದು ಗದ್ಯಶೈಲಿಯುಂಟು. ಸಾಹಿತ್ಯ ವಿಮರ್ಶಕರು ಅದನ್ನು ಗಮನಿಸಿದುದು ಕಡಮೆ. ಅದರ ಗುಣದೋಷಗಳನ್ನು ತಿಳಿಯಲು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಒಂದು ಸೂತ್ರವೇ ಸಾಕು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಈ ಆಯೋಗಕ್ಕೆ ಶಾಸನಾಧಿಕಾರವಿಲ್ಲ. ಆದರೂ ಭಾರತವೂ ಸೇರಿ ಅನೇಕ ದೇಶಗಳ ನಿಯಮಗಳು ಅದರ ಮಾತನ್ನೇ ಅನುಸರಿಸಿವೆ.

ಜನರಿಗೆ ತಾಕುವ ವಿಕಿರಣವನ್ನು ಎಷ್ಟರಮಟ್ಟಿಗೆ ಇಳಿಸಬೇಕೆಂಬುದಕ್ಕೆ ಸೂತ್ರವು ಕೊಡುವ ಅಳತೆ ಒಂದು ವಿಶೇಷಣ ಮಾತ್ರ. 1954ರಲ್ಲಿ ಅದು ‘ಸಾಧ್ಯ’ವೆಂದಿತ್ತು. 1958ರಲ್ಲಿ ‘ಕಾರ್ಯಸಾಧ್ಯ’ವಾಯಿತು, 1965ರಲ್ಲಿ ‘ಸುಲಭಸಾಧ್ಯ’ವಾಗಿ, ಆರ್ಥಿಕ ಸಾಮಾಜಿಕ ಪರ್ಯಾಲೋಚನೆಯ ಮಾತು ಅದರ ಬೆನ್ನಿಗೆ ಸೇರಿತು, 1973ರಲ್ಲಿ ‘ಸುಲಭ’ವೂ ಹೋಗಿ ‘ಯುಕ್ತ’ವು ಬಂದಿತು. 1977ರ ಉಪದೇಶದಲ್ಲಿ ಅದೇ ನೆಲೆನಿಂತಿತು.

ಈ ಪರಿವರ್ತನೆಯಲ್ಲಿ ಕಪಟವನ್ನು ಕಾಣುವುದು ಅನ್ಯಾಯ. ಇಷ್ಟರ ಕೆಳಗೆ ಅಪಾಯವೇ ಇಲ್ಲವೆಂಬ ಮೇರೆಯನ್ನು ಒಪ್ಪಲಾಗದೆ, ಸೊನ್ನೆಗೆ ಇಳಿಸಲೂ ಆಗದೆ ಇರುವಾಗ ಎಲ್ಲಿಯಾದರೂ ನಿಲ್ಲಲೇಬೇಕು. ‘ಸಾಧ್ಯ’ವೆಂಬ ಮಾತು ಆ ನಿಲುಗಡೆಯನ್ನು ಮರೆಮಾಚುತ್ತಿತ್ತು. ಆದರೆ ಸಾಧ್ಯಾಸಾಧ್ಯಗಳನ್ನು ಹೇಳಬಲ್ಲ ಶಾಸ್ತ್ರವು ಯುಕ್ತಾಯುಕ್ತಗಳನ್ನು ತಾನೊಂದೇ ಹೇಳಲಾರದು. ಒಂದು ಸೀವರ್ಟ್ ವಿಕಿರಣಕ್ಕೆ ಅರ್ಬುದರೋಗದ ಅಪಾಯವು ಸುಮಾರು ಶೇಕಡ 5.5 ಎಂದು ಆಯೋಗವು 2007ರಲ್ಲಿ ಗಣಿಸಿದುದು ಶಾಸ್ತ್ರ; ಅದನ್ನು ತಗ್ಗಿಸಲು ಎಷ್ಟು ದ್ರವ್ಯ ವೆಚ್ಚ ಮಾಡತಕ್ಕದ್ದೆಂಬುದು ಧರ್ಮವಿಚಾರ.

ಹಾಗಾದರೆ ತಕ್ಕಡಿಯನ್ನು ಹಿಡಿಯುವವರು ಯಾರು? ಸೂತ್ರದ ಇಂಗ್ಲಿಷ್ ವಾಕ್ಯ ಕರ್ಮಣಿ ಪ್ರಯೋಗದಲ್ಲಿದೆ: ಪ್ರಮಾಣವು ಇಡಲ್ಪಡಬೇಕು, ಸಂಗತಿಗಳು ಗಣಿಸಲ್ಪಡಬೇಕು. ಕನ್ನಡದ ಜಾಯಮಾನಕ್ಕೆ ಒಗ್ಗದ ಈ ‘ಪಡು’ವನ್ನು ಬಿಡಿಸಿ ಕರ್ತರಿಗೆ ತಿರುಗಿಸ ಹೊರಟ ಭಾಷಾಂತರಕಾರನಿಗೆ ಕರ್ತೃಪದವೇ ದೊರೆಯದು. ಇದು ಶೈಲಿಯ ದೋಷವೆಂದು ಬಿಡತಕ್ಕುದಲ್ಲ.

ಸೂತ್ರವು ನೇರವಾಗಿ ವಿಚಾರಣೆಗೆ ಬರದಿದ್ದರೂ, ಇದೇ ಪ್ರಶ್ನೆ ಅಮೆರಿಕದ ಯೂಟಾ ಪ್ರಾಂತದಲ್ಲಿ ನ್ಯಾಯಾಲಯವನ್ನೇರಿತು. ನೆವಾಡದಲ್ಲಿ 1951ರಿಂದ 1962ರ ವರೆಗೆ ನಡೆದ ಬಯಲು ಅಣ್ವಸ್ತ್ರ ಪರೀಕ್ಷೆಗಳ ಧೂಳು ಬಿದ್ದ ಊರುಗಳವರು ವಾದಿಗಳು. ನ್ಯಾಯಾಧೀಶ ಬ್ರೂಸ್ ಜೆಂಕಿನ್ಸ್ 1984ರಲ್ಲಿ, ಮಾದರಿಗಾಗಿ ಆರಿಸಿದ 24 ದಾವೆಗಳ ಪೈಕಿ 10ರಲ್ಲಿ ಸರ್ಕಾರವೇ ಹೊಣೆಯೆಂದು ತೀರ್ಪಿತ್ತರು. 1987ರಲ್ಲಿ ಮೇಲಿನ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ರೋಗಕಾರಣದ ವಿಷಯದಲ್ಲಿ ಶಾಸ್ತ್ರಜ್ಞರು ನುಡಿದ ಸಾಕ್ಷ್ಯವು ಸುಳ್ಳೆಂಬುದು ಅದರ ಆಧಾರವಲ್ಲ. ಪರೀಕ್ಷೆಯನ್ನೂ ರಕ್ಷಣೆಯನ್ನೂ ತೂಗಿನೋಡುವುದು ಸರ್ಕಾರದ ವಿವೇಚನೆಗೆ ಸೇರಿದುದು, ಅದರ ಮೇಲೆ ದಾವೆ ನಡೆಯದು ಎಂಬುದೇ ಆಧಾರ. ಕರ್ತೃಪದವು ಹೀಗೆ ದೊರೆಯಿತು. 1990ರಲ್ಲಿ ಅಲ್ಲಿಯ ಶಾಸನಸಭೆಯು ಕ್ಷಮೆ ಬೇಡಿ ಪರಿಹಾರವನ್ನು ವಿಧಿಸಿದಾಗ, ಯಾರ ರೋಗ ಯಾವ ಸ್ಫೋಟದಿಂದ ಬಂದುದೆಂದು ಶಾಸನವು ಕೇಳಲಿಲ್ಲ. ವಾಸದ ಸ್ಥಳ, ವಾಸದ ಕಾಲ, ರೋಗದ ಹೆಸರು, ಇಷ್ಟನ್ನೇ ಕೇಳಿತು.