ದಾರಿಯ ದೋಷ, ಚಾಲಕನ ಖಾತೆಗೆ

ವಯಸ್ಸು, ವಿಳಾಸ, ಸಾಲ ತೀರಿಸಿದ ಚರಿತ್ರೆ ಇವನ್ನೆಲ್ಲ ನೋಡಿ ಪ್ರೀಮಿಯಂ ನಿಗದಿಪಡಿಸುವುದು ಹಳೆಯ ಪದ್ಧತಿ, ಇನ್ನು ಮುಂದೆ ನೀವು ಗಾಡಿ ಹೇಗೆ ಓಡಿಸುತ್ತೀರಿ ಎಂಬುದನ್ನೇ ನೋಡಿ ಬೆಲೆ ಹೇಳುತ್ತೇವೆ ಎಂದು ಅಮೆರಿಕದ ವಾಹನ ವಿಮಾ ಕಂಪನಿಗಳು ಹಲವು ವರ್ಷಗಳಿಂದ ಹೇಳುತ್ತಿವೆ. ಪ್ರೋಗ್ರೆಸಿವ್ ಕಂಪನಿಯ ಸ್ನ್ಯಾಪ್‌ಶಾಟ್, ಆಲ್‌ಸ್ಟೇಟ್‌ನ ಡ್ರೈವ್‌ವೈಸ್, ಸ್ಟೇಟ್ ಫಾರ್ಮ್‌ನ ಡ್ರೈವ್ ಸೇಫ್ ಆ್ಯಂಡ್ ಸೇವ್ ಈ ಮಾತಿನ ಮೇಲೆ ನಿಂತ, ಮೊಬೈಲ್ ಆ್ಯಪ್ ಅಥವಾ ಕಾರಿಗೆ ಜೋಡಿಸಿದ ಸಾಧನದಿಂದ ಚಾಲನೆಯನ್ನು ಅಳೆದು ಅಂಕ ಕೊಡುವ ಯೋಜನೆಗಳು. ಸೂತ್ರ ಕಂಪನಿಯಿಂದ ಕಂಪನಿಗೆ, ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದರೂ ಎಷ್ಟು ದೂರ ಓಡಿಸಿದಿರಿ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಥಟ್ಟನೆ ಬ್ರೇಕ್ ಒತ್ತಿದಿರಿ, ಮೊಬೈಲ್ ಕೈಯಲ್ಲಿ ಹಿಡಿದಿದ್ದಿರಾ ಎಂಬ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಇವೆ. ಗುಂಪಿನ ಲೆಕ್ಕದಿಂದ ವ್ಯಕ್ತಿಯನ್ನು ಬಿಡಿಸುತ್ತೇವೆ ಎಂಬ ಈ ಭರವಸೆ ಆಕರ್ಷಕವಾಗಿದೆ, ನ್ಯಾಯವಾಗಿಯೂ ಕೇಳಿಸುತ್ತದೆ. ಆದರೆ ಹಳ್ಳಿಯ ಚಾಲಕನ ವಿಷಯದಲ್ಲಿ ಅದು ಈಡೇರುತ್ತಿಲ್ಲ. ಈ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದೊಂದೇ ಪೂರ್ತಿಯಾಗಿ ಚಾಲಕನ ಕೈಯಲ್ಲಿರುವುದು. ಉಳಿದ ಮೂರಕ್ಕೆ ಬಹುಮಟ್ಟಿಗೆ ಅವನು ವಾಸಿಸುವ ಜಾಗವೇ ಉತ್ತರ ಬರೆದಿರುತ್ತದೆ, ಅಂಕ ಮಾತ್ರ ಅವನ ಹೆಸರಿಗೆ ಬೀಳುತ್ತದೆ.

ಬ್ರೇಕಿನ ಲೆಕ್ಕವನ್ನೇ ಮೊದಲು ನೋಡೋಣ, ಏಕೆಂದರೆ ಅಲ್ಲಿ ಅಳತೆಗೋಲು ಬಹಿರಂಗವಾಗಿದೆ. ಒಂದು ಸೆಕೆಂಡಿನಲ್ಲಿ ವೇಗ ಗಂಟೆಗೆ 7 ಮೈಲಿ, ಅಂದರೆ ಸುಮಾರು 11 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಸ್ನ್ಯಾಪ್‌ಶಾಟ್ ಹಾರ್ಡ್ ಬ್ರೇಕ್ ಎಂದು ಎಣಿಸುತ್ತದೆ. ಗಂಟೆಗೆ 60 ಮೈಲಿ ವೇಗದ ಕಾರು ಈ ಗೆರೆಯನ್ನು ದಾಟದೆ ನಿಲ್ಲಬೇಕಾದರೆ ಎಂಟೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 115 ಮೀಟರ್ ಸಾಗಿರುತ್ತದೆ. ನವೆಂಬರ್‌ನ ಒಂದು ಮುಸ್ಸಂಜೆ ವೆಸ್ಟ್ ವರ್ಜೀನಿಯಾದ ಕೌಂಟಿ ರಸ್ತೆಯಲ್ಲಿ 60 ಮೀಟರ್ ಮುಂದೆ ಜಿಂಕೆ ರಸ್ತೆಗಿಳಿಯಿತು ಎನ್ನಿ. ಚಾಲಕ ಆ್ಯಪ್ ಮೆಚ್ಚುವ ಹಾಗೆ ಮೆಲ್ಲಗೆ ಬ್ರೇಕ್ ಒತ್ತಿದರೆ ಜಿಂಕೆಗೆ ಬಡಿಯುವ ಹೊತ್ತಿಗೆ ಕಾರಿನ ವೇಗ ಇನ್ನೂ ಗಂಟೆಗೆ 65 ಕಿಲೋಮೀಟರ್ ಆಸುಪಾಸಿನಲ್ಲಿರುತ್ತದೆ. ಪೂರ್ಣ ಬಲದಿಂದ ಒತ್ತಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ಕಾರು ಅಷ್ಟರೊಳಗೆ ನಿಂತೇಬಿಡಬಹುದು. ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಹನಗಳು ಪ್ರಾಣಿಗಳಿಗೆ ಡಿಕ್ಕಿ ಹೊಡೆಯುತ್ತವೆ ಎಂದು ಅಂದಾಜು ಮಾಡುವುದು ವಿಮಾ ಕಂಪನಿಗಳೇ. ಪಕ್ಕಕ್ಕೆ ತಿರುಗಿಸಬೇಡಿ, ನಿಮ್ಮ ಲೇನ್‌ನಲ್ಲೇ ಇದ್ದು ಗಟ್ಟಿಯಾಗಿ ಬ್ರೇಕ್ ಒತ್ತಿ ಎಂದು ಬುದ್ಧಿ ಹೇಳುವುದೂ ಅದೇ ಉದ್ಯಮ. ಹಾಗೆ ಮಾಡಿದವನ ಅಂಕವನ್ನು ಅದೇ ಉದ್ಯಮದ ಆ್ಯಪ್ ಕಡಿತಗೊಳಿಸುತ್ತದೆ. ಅಪಘಾತ ತಪ್ಪಿಸಿದ್ದಕ್ಕೂ ಅಪಘಾತದ ಅಂಚಿಗೆ ಹೋದದ್ದಕ್ಕೂ ಅದರ ದಾಖಲೆಯಲ್ಲಿ ವ್ಯತ್ಯಾಸವಿಲ್ಲ. ಇಳಿದ ವೇಗ ಅದಕ್ಕೆ ಗೊತ್ತು, ಇಳಿಸಿದ ಕಾರಣ ಗೊತ್ತಿಲ್ಲ.

ನಗರದಲ್ಲೇ ಹೆಚ್ಚು ಸಲ ಸಡನ್ ಬ್ರೇಕ್ ಒತ್ತಬೇಕಾಗುತ್ತದಲ್ಲ ಎಂದು ಇಲ್ಲಿ ಯಾರಾದರೂ ಕೇಳಬಹುದು. ನಿಜ. ಸಿಗ್ನಲ್ಲು, ಪಾದಚಾರಿ, ಮುಂದಿನ ಕಾರು ಎಲ್ಲವೂ ಸೇರಿ ನಗರದ ಚಾಲಕನ ಎಣಿಕೆಯೇ ಹೆಚ್ಚಾದೀತು. ಅದು ಕೂಡ ನನ್ನ ಆಕ್ಷೇಪವನ್ನೇ ಗಟ್ಟಿಮಾಡುತ್ತದೆ: ಸಂಖ್ಯೆ ಚಾಲಕನ ಎಚ್ಚರಕ್ಕಿಂತ ಹೆಚ್ಚಾಗಿ ಬೀದಿಯ ಗುಣವನ್ನು ಹೇಳುತ್ತಿದೆ. ಹೊತ್ತು ಮತ್ತು ದೂರದ ವಿಷಯಕ್ಕೆ ಬಂದಾಗ ಮಾತ್ರ ಹಳ್ಳಿಯವನ ಸ್ಥಿತಿ ಬೇರೆಯೇ ಆಗುತ್ತದೆ. ನಗರದವನಿಗೆ ಬಸ್ಸಿದೆ, ಮೆಟ್ರೋ ಇದೆ, ನಡೆದು ಹೋಗುವ ಅಂಗಡಿ ಇದೆ. ಅಂಕ ಉಳಿಸಲು ಅವನು ಕಾರನ್ನು ಮನೆಯಲ್ಲೇ ಬಿಡಬಹುದು. ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಲೆಕ್ಕ ಹಾಕಿದಂತೆ ಹಳ್ಳಿಯ ಅಮೆರಿಕನ್ನರಿಗೆ ಹತ್ತಿರದ ಆಸ್ಪತ್ರೆ ಸರಾಸರಿ 10.5 ಮೈಲಿ ದೂರದಲ್ಲಿದೆ, ನಗರದವರಿಗೆ 4.4 ಮೈಲಿ. 2010ರಿಂದ ಈಚೆಗೆ ನೂರಕ್ಕೂ ಹೆಚ್ಚು ಗ್ರಾಮೀಣ ಆಸ್ಪತ್ರೆಗಳು ಮುಚ್ಚಿವೆ ಅಥವಾ ಒಳರೋಗಿಗಳ ಸೇವೆ ನಿಲ್ಲಿಸಿವೆ. ಒಂದು ಆಸ್ಪತ್ರೆ ಮುಚ್ಚಿದರೆ ಸುತ್ತಲ ರೋಗಿಗಳ, ಅಲ್ಲಿ ದುಡಿಯುತ್ತಿದ್ದ ದಾದಿಯರ ಮೈಲಿಗಳು ಏರುತ್ತವೆ. ಇದು ಯಾರ ಚಾಲನೆಯ ಅಭ್ಯಾಸವೂ ಅಲ್ಲ. ರಾತ್ರಿಯ ಮಾತೂ ಹೀಗೆಯೇ. ಸ್ನ್ಯಾಪ್‌ಶಾಟ್ ನಡುರಾತ್ರಿಯಿಂದ ಬೆಳಗಿನ 4 ಗಂಟೆಯವರೆಗಿನ ಹೊತ್ತನ್ನು ಹೆಚ್ಚು ಅಪಾಯದ್ದೆಂದು ಪರಿಗಣಿಸುತ್ತದೆ. ಡೇರಿಯಲ್ಲಿ ಹಾಲು ಕರೆಯಲು ಹೊರಟವಳು, ಮಾಂಸ ಸಂಸ್ಕರಣಾ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಮರಳುವವನು, ಪಾನಗೋಷ್ಠಿಯಿಂದ ಮನೆಗೆ ಹೊರಟವನು, ಮೂವರೂ ಆ್ಯಪ್‌ನ ಗಡಿಯಾರಕ್ಕೆ ಒಂದೇ.

ಇದಕ್ಕೆ ವಿಮಾ ಗಣಿತಜ್ಞರು ಕೊಡುವ ಉತ್ತರ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾಗದು. ವಿಮೆ ತಪ್ಪಿಗೆ ಶಿಕ್ಷೆಯಲ್ಲ, ಅಪಾಯಕ್ಕೆ ಬೆಲೆ. ಚಾಲಕನ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಕತ್ತಲೆ ಕತ್ತಲೆಯೇ ಎನ್ನುತ್ತಾರೆ ಅವರು. ಅಂಕಿ ಅಂಶವೂ ಅವರ ಪರವಾಗಿದೆ: ಅಮೆರಿಕದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಗ್ರಾಮೀಣ, ಆದರೆ ರಸ್ತೆ ಸಾವುಗಳಲ್ಲಿ ಸುಮಾರು ಶೇ. 40 ಗ್ರಾಮೀಣ ರಸ್ತೆಗಳಲ್ಲಿ ಆಗುತ್ತವೆ. ಆದರೆ ಜಾಗದ ಅಪಾಯಕ್ಕೆ ಆ ಚಾಲಕ ಈಗಾಗಲೇ ಬೆಲೆ ಕೊಟ್ಟಾಗಿದೆ. ಹೆಚ್ಚಿನ ರಾಜ್ಯಗಳಲ್ಲಿ ಮೂಲ ಪ್ರೀಮಿಯಂ ನಿರ್ಧಾರವಾಗುವಾಗಲೇ ವಿಳಾಸ ಲೆಕ್ಕಕ್ಕೆ ಬರುತ್ತದೆ. ಆ ಊರಿನ ರಸ್ತೆ, ಅಲ್ಲಿನ ಕ್ಲೇಮುಗಳು, ಅಲ್ಲಿನ ಜಿಂಕೆಗಳೂ ಅದರೊಳಗೆ ಸೇರಿವೆ. ಆ್ಯಪ್ ಅದರ ಮೇಲೆ ಹೊಸದಾಗಿ ಸೇರಿಸಬೇಕಾದದ್ದು ಅದೇ ರಸ್ತೆಯಲ್ಲಿ ಓಡಾಡುವ ಇಬ್ಬರಲ್ಲಿ ಯಾರು ಹೆಚ್ಚು ಜಾಗರೂಕರು ಎಂಬ ಮಾಹಿತಿಯನ್ನು. ಅದನ್ನು ಬಿಟ್ಟು ಮತ್ತೆ ಕತ್ತಲೆಯನ್ನೂ ದೂರವನ್ನೂ ಜಿಂಕೆಯನ್ನೂ ಎಣಿಸಿದರೆ ಒಂದೇ ಅಪಾಯಕ್ಕೆ ಎರಡು ಸಲ ವಸೂಲಿ ಮಾಡಿದಂತಾಗುತ್ತದೆ, ಎರಡನೆಯ ಸಲ ‘ನಿಮ್ಮ ಚಾಲನೆ’ ಎಂಬ ಹೆಸರಿನಲ್ಲಿ.

ಇಷ್ಟವಿಲ್ಲದವರು ಸೇರದಿದ್ದರಾಯಿತು ಎಂಬ ವಾದ ನನಗೆ ದುರ್ಬಲವಾಗಿ ಕಾಣುತ್ತದೆ. ಪ್ರೋಗ್ರೆಸಿವ್ ತಾನೇ ಹೇಳಿಕೊಂಡಂತೆ ಸೇರಿದ ಹತ್ತು ಮಂದಿಯಲ್ಲಿ ಸುಮಾರು ಇಬ್ಬರಿಗೆ ಪ್ರೀಮಿಯಂ ಏರುತ್ತದೆ. ರಿಯಾಯಿತಿಯ ಆಸೆಗೆ ಸೇರಿದವರು ಏರಿಕೆಯ ಸಾಧ್ಯತೆಯನ್ನೂ ಒಪ್ಪಿಕೊಂಡಿರುತ್ತಾರೆ. ಸೇರದವರಾದರೂ ಗಮನದಿಂದ ಹೊರಗಿದ್ದಾರೆಯೇ? ಜನರಲ್ ಮೋಟಾರ್ಸ್ ತನ್ನ ಕಾರುಗಳ ಚಾಲನಾ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂಥ ದತ್ತಾಂಶ ಸಂಸ್ಥೆಗಳಿಗೆ ಕೊಡುತ್ತಿದ್ದದ್ದು, ಅದು ವಿಮಾ ಕಂಪನಿಗಳ ಕೈಸೇರುತ್ತಿದ್ದದ್ದು 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಯಿಂದ ಬಯಲಾಯಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಐದು ವರ್ಷ ಇಂಥ ಹಂಚಿಕೆಯನ್ನು ತಡೆಯುವ ಒಪ್ಪಂದವನ್ನು ಆ ಕಂಪನಿಯೊಂದಿಗೆ ಪ್ರಕಟಿಸಿತು. ಅದೇ ತಿಂಗಳು ಟೆಕ್ಸಾಸ್ ರಾಜ್ಯವು ಆಲ್‌ಸ್ಟೇಟ್ ಮತ್ತು ಅದರ ಅಂಗಸಂಸ್ಥೆ ಆರಿಟಿ ಮೇಲೆ ಮೊಕದ್ದಮೆ ಹೂಡಿತು. ವಿಮೆಗೆ ಸಂಬಂಧವೇ ಇಲ್ಲದ ಮೊಬೈಲ್ ಆ್ಯಪ್‌ಗಳೊಳಗೆ ಕೋಡ್ ಸೇರಿಸಿ ಕೋಟ್ಯಂತರ ಜನರ ಓಡಾಟವನ್ನು ಸಂಗ್ರಹಿಸಲಾಗಿದೆ ಎಂಬುದು ಅಲ್ಲಿನ ಆರೋಪ. ಮೈಲಿಗೊಂದು ಮನೆಯಿರುವ ಕಡೆ ಹೊರಟ ಹೊತ್ತು ಮತ್ತು ಹಿಡಿದ ದಾರಿ ಎರಡೇ ಸಾಕು, ಹೆಸರಿಲ್ಲದ ದಾಖಲೆ ಯಾರದೆಂದು ಹೇಳಲು.

ಆ್ಯಪ್‌ನಿಂದ ಒಳ್ಳೆಯದೇನೂ ಇಲ್ಲ ಎಂದು ಹೇಳುವುದು ಅನ್ಯಾಯವಾದೀತು. ಸ್ಟೀರಿಂಗ್ ಹಿಡಿದು ಮೊಬೈಲ್ ನೋಡುವ ಚಟವನ್ನು ಅದು ಎತ್ತಿ ತೋರಿಸಿ ಕಡಿಮೆ ಮಾಡಿಸಿದರೆ ಜೀವಗಳು ಉಳಿಯುತ್ತವೆ, ಹಳ್ಳಿಯಲ್ಲೂ. ವೇಗದ ಮಿತಿ ಮೀರಿದ್ದನ್ನು ಎಣಿಸುವುದೂ ತಕ್ಕದ್ದೇ. ನನ್ನ ತಕರಾರು ಅಳೆಯುವುದರ ಬಗ್ಗೆ ಅಲ್ಲ, ಅಳತೆಗೆ ಇಟ್ಟ ಹೆಸರಿನ ಬಗ್ಗೆ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಮತದಾರರು ಅಂಗೀಕರಿಸಿದ ಪ್ರಪೋಸಿಷನ್ 103 ವಾಹನ ವಿಮೆಯ ಬೆಲೆ ಯಾವುದನ್ನು ಆಧರಿಸಬೇಕೆಂದು ಕಟ್ಟಿಹಾಕಿದೆ. ಅಲ್ಲಿ ಇಂಥ ಸಾಧನದಿಂದ ಓಡಿದ ದೂರವನ್ನಷ್ಟೇ ವಿಮಾದರಕ್ಕೆ ಬಳಸಬಹುದು, ಬ್ರೇಕನ್ನೂ ಹೊತ್ತನ್ನೂ ಅಲ್ಲ. ಹಳ್ಳಿಯವನಿಗೆ ದೂರದ ಹೊರೆ ಅಲ್ಲೂ ತಪ್ಪಿಲ್ಲವಾದರೂ ಅವನನ್ನು ಕೆಟ್ಟ ಚಾಲಕ ಎಂದು ಕರೆಯುವ ಅಂಕವಾದರೂ ಇಲ್ಲ.

ಈ ಪ್ರಶ್ನೆ ನಮಗೂ ಸಂಬಂಧಿಸಿದ್ದೇ. ಭಾರತದಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈನಲ್ಲಿ ಸ್ವಂತ ವಾಹನದ ಹಾನಿಯ ವಿಮೆಗೆ ಹೆಚ್ಚುವರಿಯಾಗಿ ‘ಪೇ ಆ್ಯಸ್ ಯು ಡ್ರೈವ್’ ಮತ್ತು ‘ಪೇ ಹೌ ಯು ಡ್ರೈವ್’ ಸೌಲಭ್ಯಗಳಿಗೆ ಅನುಮತಿ ಕೊಟ್ಟಿದೆ. ಮೊದಲನೆಯದು ದೂರ ನೋಡುತ್ತದೆ, ಎರಡನೆಯದು ನಡತೆ. ಈ ಎರಡನೆಯದು ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಿಗೆ, ಬಣ್ಣ ಬಳಿಯದ ಹಂಪ್‌ಗಳಿಗೆ, ಸುಗ್ಗಿಯಲ್ಲಿ ಡಾಂಬರಿನ ಮೇಲೆ ಒಕ್ಕಣೆಗೆ ಹರಡಿದ ರಾಗಿ ಹುರುಳಿಗೆ, ಸಕಲೇಶಪುರದ ಆನೆಗಳಿಗೆ ಏನು ಅಂಕ ಕೊಡುತ್ತದೆ ಎಂಬುದನ್ನು ವ್ಯಾಪಕವಾಗಿ ಹರಡುವ ಮೊದಲೇ ಕೇಳಬೇಕು. ಚಾಲಕನನ್ನು ಇಡೀ ದೇಶದ ಸರಾಸರಿಗೆ ಹೋಲಿಸದೆ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಓಡಾಡುವ ಬೇರೆ ಚಾಲಕರಿಗೆ ಹೋಲಿಸಬೇಕು. ಯಾವ ಘಟನೆಗೆ ಎಷ್ಟು ಅಂಕ ಹೋಯಿತೆಂದು ತೋರಿಸಿ ಆಕ್ಷೇಪಕ್ಕೆ ಅವಕಾಶ ಕೊಡಬೇಕು. ರಿಯಾಯಿತಿಯ ಸರಾಸರಿ ನಗರದ ಪಿನ್‌ಕೋಡ್‌ಗಳಲ್ಲಿ ಎಷ್ಟು, ಹಳ್ಳಿಯ ಪಿನ್‌ಕೋಡ್‌ಗಳಲ್ಲಿ ಎಷ್ಟು ಎಂಬುದನ್ನು ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂದು ಪ್ರಾಧಿಕಾರ ಷರತ್ತು ಹಾಕಬೇಕು.