ಸೂಜಿ ಬೇಡವೆಂದವರ ಪಕ್ಷ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೈಕಿ ಯಾವ ಪೇಟೆಯ ದವಾಖಾನೆಯಲ್ಲಾದರೂ ಸಂಜೆ ಅರ್ಧ ಗಂಟೆ ಕುಳಿತವರಿಗೆ, ನಮ್ಮ ಕಡೆಯ ರೋಗಿಗೆ ಸೂಜಿಯ ಮೇಲಿರುವ ಭಕ್ತಿ ಎಂಥದೆಂಬುದು ತಿಳಿಯದೆ ಹೋಗದು. “ಬರೀ ಗುಳ್ಗಿ ಸಾಕಾತಿಲ್ಲೆ ಡಾಕ್ಟ್ರೆ, ಒಂದ್ ಸೂಜಿ ಹಾಕಿ” ಎಂದು ಕೇಳಿ ಪಡೆದು, ತೋಳನ್ನು ತಿಕ್ಕಿಕೊಳ್ಳುತ್ತ ಸಂತೋಷದಿಂದ ಬಸ್ಸು ಹತ್ತುವ ಜನ ಇವರು. ಇವರ ನೆಂಟರಿಷ್ಟರೇ ಆದ ಘಟ್ಟದ ಮೇಲಿನವರು ಮಂಗನ ಕಾಯಿಲೆಯ ಸೂಜಿಯನ್ನು ಮಾತ್ರ ವರ್ಷಗಟ್ಟಲೆ ಒಲ್ಲೆವೆಂದರೆ, ಅದನ್ನು ಅಜ್ಞಾನವೆಂಬ ಒಂದೇ ಮಾತಿನಿಂದ ವಿವರಿಸಿ ಮುಗಿಸಿದ ಅಧಿಕಾರಿವರ್ಗದ ವ್ಯಾಖ್ಯಾನವನ್ನು ನಾನು ಒಪ್ಪಲಾರೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಪುಣೆಯ ವೈರಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಹೊಸದೊಂದು ವೈರಾಣುವನ್ನೂ, ಅದನ್ನು ಮನುಷ್ಯನಿಗೆ ದಾಟಿಸುವ ಉಣುಗನ್ನೂ ಗುರುತಿಸಿದರು. ಇದಕ್ಕೆಂದು ಸಿದ್ಧವಾದ ಲಸಿಕೆ 1990ರಿಂದ ಮಲೆನಾಡಿನಲ್ಲಿ ಬಳಕೆಗೆ ಬಂತು. ಅದರ ಷರತ್ತುಗಳನ್ನು ನೋಡಿರಿ: ಮೊದಲನೆಯ ಸೂಜಿ, ತಿಂಗಳು ಬಿಟ್ಟು ಎರಡನೆಯದು, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಂದು, ಆಮೇಲೆಯೂ ವರ್ಷಕ್ಕೊಂದರಂತೆ. ಚುಚ್ಚಿದ ಜಾಗದ ಉರಿ ಮತ್ತು ನೋವಾದರೋ ಮಲೆನಾಡಿನಲ್ಲೆಲ್ಲ ಪ್ರಸಿದ್ಧ. ಎರಡು ದಿನ ತೋಳು ಎತ್ತಲಾಗದಿದ್ದರೆ ಅಡಕೆ ತೋಟದ ಆಳಿಗೆ ಎರಡು ದಿನದ ಕೂಲಿ ಹೋಯಿತು. ಆ ಎರಡು ದಿನದ ಅನ್ನವನ್ನು ಯಾವ ಇಲಾಖೆಯೂ ಕೊಡಲಿಲ್ಲ.

ಇಷ್ಟನ್ನೂ ಸಹಿಸಿದವನಿಗೆ ಲಭಿಸುತ್ತಿದ್ದುದೇನು? 1990ರಿಂದ 1992ರ ವರೆಗಿನ ಪರೀಕ್ಷೆಯಲ್ಲಿ ಎರಡು ಸೂಜಿ ಹಾಕಿಸಿಕೊಂಡವರಿಗೆ ನೂರಕ್ಕೆ 93ರಷ್ಟು ರಕ್ಷಣೆಯುಂಟೆಂದು ಕಂಡಿತ್ತು. 2005ರಿಂದ 2010ರ ವರೆಗಿನ ಲೆಕ್ಕ ತೆಗೆದಾಗಲಾದರೋ ಅದು ಸುಮಾರು 62ಕ್ಕೆ ಇಳಿದಿತ್ತು. ಮೂರನೆಯದನ್ನೂ ಹಾಕಿಸಿಕೊಂಡವರಿಗೆ ಸುಮಾರು 83. ಒಂದಕ್ಕೇ ನಿಲ್ಲಿಸಿದವರಿಗೆ ಹೇಳಿಕೊಳ್ಳುವಂಥ ಪ್ರಯೋಜನವೇ ಇರಲಿಲ್ಲ. ಹೀಗಿರಲಾಗಿ, ಸೂಜಿ ಹಾಕಿಸಿಕೊಂಡ ನೆರೆಮನೆಯವನು ಜ್ವರದಿಂದ ಮಲಗಿದ್ದನ್ನು ಕಣ್ಣಾರೆ ಕಂಡವನು ಕರಪತ್ರಕ್ಕಿಂತ ತನ್ನ ಕಣ್ಣನ್ನೇ ನಂಬಿದರೆ, ಅದು ಮೌಢ್ಯವೆ? ಕಡೆಗೆ 2022ರಲ್ಲಿ ಸರಕಾರವೇ ಆ ಲಸಿಕೆಯನ್ನು ಕೈಬಿಟ್ಟಿತು. ಜನ ಮೊದಲೇ ಕೊಟ್ಟಿದ್ದ ತೀರ್ಪನ್ನು ಪ್ರಯೋಗಶಾಲೆ ತಡವಾಗಿ ಎತ್ತಿಹಿಡಿದಂತಾಯಿತು ಎಂದರೆ ತುಸು ಅತಿಶಯೋಕ್ತಿಯಾದೀತು, ಪೂರ್ತಿ ಸುಳ್ಳಾಗದು.

ಆದರೂ ಜನದ ಪಕ್ಷ ವಹಿಸುವವನು ಅವರ ಲೆಕ್ಕಾಚಾರದ ದೋಷವನ್ನು ಮುಚ್ಚಿಡತಕ್ಕದ್ದಲ್ಲ. ದವಾಖಾನೆಯ ಸೂಜಿ ಬಂದಿರುವ ಜ್ವರಕ್ಕೆ, ಲಸಿಕೆ ಬರಬಹುದಾದ ಜ್ವರಕ್ಕೆ; ಕಾಣದ ಶತ್ರುವಿಗಾಗಿ ಕಾಣುವ ನೋವನ್ನು ಕೊಳ್ಳಲು ಮನುಷ್ಯಸ್ವಭಾವ ಸುಲಭವಾಗಿ ಒಡಂಬಡುವುದಿಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾಗತೊಡಗಿದಾಗ ಅದೇ ಲಸಿಕೆಗೆ ನೂಕುನುಗ್ಗಲಾಯಿತು, ದಾಸ್ತಾನು ಸಾಲದಾಯಿತು. ಎರಡನೆಯ ಸೂಜಿಗೆ ತಿಂಗಳು ಕಾಯಬೇಕಾದ ಔಷಧಿಗೆ ಹೆಣ ಬಿದ್ದ ಮೇಲೆ ಓಡಿದರೆ ಫಲವೆಷ್ಟು? ಆಗ ಸಾಗರದ ರೋಗಿಗಳು ಘಟ್ಟವಿಳಿದು ಬಂದುದು ಮಣಿಪಾಲಕ್ಕೆ. ಅಲ್ಲಿಯ ತೀವ್ರನಿಗಾ ಘಟಕದ ಯಂತ್ರಗಳನ್ನು ಯಾರೂ ಶಂಕಿಸಲಿಲ್ಲ. ಹೊಸತೆಂಬುದೇ ನಿರಾಕರಣೆಗೆ ಕಾರಣವಾಗಿದ್ದರೆ ಮೊದಲು ತಿರಸ್ಕೃತವಾಗಬೇಕಾಗಿದ್ದವು ಆ ಯಂತ್ರಗಳೇ.

ಇದಕ್ಕೆ ಪ್ರತಿಯಾಗಿ ಸಲೀಸಾಗಿ ಒಳಹೊಕ್ಕ ಒಂದು ನೂತನ ಕ್ರಮವೂ ನಮ್ಮ ಕರಾವಳಿಯಲ್ಲೇ ಇದೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಹಳ್ಳಿಗಳ ವೈದ್ಯರನ್ನು ವಾಟ್ಸಾಪ್ ಬಳಗವೊಂದರಲ್ಲಿ ಕೂಡಿಸಿದರು. ದಾನಿಗಳ ನೆರವಿನಿಂದ ಗ್ರಾಮೀಣ ಆಸ್ಪತ್ರೆಗಳಿಗೆ ಇಸಿಜಿ ಯಂತ್ರಗಳು ಬಂದವು. ಎದೆನೋವೆಂದು ಬಂದವನ ಇಸಿಜಿಯನ್ನು ಊರಿನ ವೈದ್ಯ ಫೋನಿನಲ್ಲಿ ಚಿತ್ರ ತೆಗೆದು ಕಳಿಸುತ್ತಾನೆ. ದೂರದ ತಜ್ಞ ಓದಿ ಹೇಳುತ್ತಾನೆ. ರೋಗಿ ಹೊಸದಾಗಿ ಮಾಡಬೇಕಾದುದು ಏನೂ ಇಲ್ಲ. ಹೋದುದು ಪರಿಚಯದ ದವಾಖಾನೆಗೇ, ನಂಬಿದುದು ತಲೆಮಾರಿನಿಂದ ನಂಬಿದ ಕೈಗುಣವನ್ನೇ. ನೂತನತೆಯ ಭಾರವೆಲ್ಲ ವೈದ್ಯನ ಹೆಗಲ ಮೇಲೆ. ಲಸಿಕೆಯ ವಿಷಯದಲ್ಲಿ ಆ ಭಾರವಷ್ಟೂ ಜನದ ತೋಳಿನ ಮೇಲೆ ಬಿದ್ದಿತ್ತು. ಇದೇ ಮುಖ್ಯವಾದ ಅಂತರವೆಂದು ನನ್ನ ಅಭಿಪ್ರಾಯ. ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳಲು ಇಲಾಖೆ ಹಂಚುವ ಉಣುಗುನಿವಾರಕ ಎಣ್ಣೆಯ ಪಾಡೂ ಲಸಿಕೆಯದ್ದೇ: ದಿನದಿನವೂ ಹಚ್ಚಬೇಕು, ಬೆವರಿಗೆ ತೊಳೆದುಹೋಗುತ್ತದೆ, ಸೊಪ್ಪು ತರಲು ಹೊರಟ ಹೆಂಗಸಿಗೆ ಹಟ್ಟಿಯ ದನಗಳು ಕೂಗುವ ಹೊತ್ತಿನಲ್ಲಿ ಆ ಶೀಷೆಯ ನೆನಪೇ ಬಾರದು.

ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯೊಂದನ್ನು ರೂಪಿಸುತ್ತಿದೆ. ಅದು ನೋವಿಲ್ಲದುದಾಗಲಿ. ಅದಕ್ಕೂ ಒಂದಕ್ಕಿಂತ ಹೆಚ್ಚು ಸೂಜಿ ಬೇಕೆಂದಾದರೆ, ಕೊಲ್ಲೂರು, ಹೊಸಂಗಡಿ, ಸಿದ್ದಾಪುರಗಳ ಸೆರಗಿನ ಹಳ್ಳಿಗಳಿಗೆ ಅದನ್ನು ಒಯ್ಯುವವರು ದಿನ ಗೊತ್ತುಮಾಡುವ ಮೊದಲು ಬೇಸಾಯದ ಪಂಚಾಂಗವನ್ನೂ ತೆರೆದು ನೋಡಬೇಕು. ಕಾಯಿಲೆ ತಲೆಯೆತ್ತುವುದು ಮಳೆಗಾಲ ಮುಗಿದ ಮೇಲೆ, ನವೆಂಬರ್-ಡಿಸೆಂಬರಿನ ಸುಮಾರಿಗೆ. ಅದಕ್ಕೆ ಮುಂಚಿನ ದಿನಗಳು ಕೊಯ್ಲಿನವು. ನಟ್ಟಿ ಮುಗಿದು ಕೈ ಬಿಡುವಾಗುವ ಸೋಣೆ ತಿಂಗಳಲ್ಲಿ ಮೊದಲನೆಯ ಸೂಜಿಯನ್ನೂ, ಕೊಯ್ಲಿಗೆ ಕತ್ತಿ ಹಿಡಿಯುವ ಮುನ್ನ ಕನ್ಯೆಯಲ್ಲಿ ಎರಡನೆಯದನ್ನೂ ಹಾಕಿ ಮುಗಿಸಬಹುದು.